ಸತ್ತ ಜಾಗ

ಮಂಗಳವಾರ ಸಂಜೆ ನಾಲ್ಕು. ಆರನೆಯ ಸಭೆ.
ಹೊರಗೆ ನೆಬ್ರಾಸ್ಕಾದ ಗಾಳಿ
ಬಾವುಟದ ಹಗ್ಗವನ್ನು ಕಬ್ಬಿಣದ ಕಂಬಕ್ಕೆ
ಟಣ್ ಟಣ್ ಬಡಿಯುತ್ತಿದೆ.
ನನ್ನ ಕೆಲಸ ನಡಾವಳಿ ಬರೆಯುವುದು:
ಯಾರು ಬಂದರು, ಯಾರು ಏನೆಂದರು,
ಯಾವುದನ್ನು ಮುಂದಿನ ಸಭೆಗೆ ತಳ್ಳಲಾಯಿತು.

ಒಮಾಹಾದಿಂದ ಬಂದ ಲಿಂಡ್‌ಕ್ವಿಸ್ಟ್
ಗೋಡೆಯ ಮೇಲೆ ಗಾಜಿನ ಅರಮನೆ ಬೆಳಗಿಸಿದ.
ನಾಲ್ಕು ಸಾವಿರ ಕುರ್ಚಿ. ತೂಗುವ ಸ್ಕೋರ್‌ಬೋರ್ಡು.
ಚಿತ್ರದೊಳಗಿನ ಜನರೆಲ್ಲ ತೆಳ್ಳಗೆ,
ಒಬ್ಬರ ಮೈಮೇಲೂ ಕೋಟಿಲ್ಲ.
'ಊರಿನಲ್ಲಿರುವುದಕ್ಕಿಂತ ಹೆಚ್ಚು ಮಂದಿ ಕೂತಿದ್ದಾರಲ್ಲ'
ಎಂದ ಖಜಾಂಚಿ, ಕನ್ನಡಕ ಒರೆಸುತ್ತ.
ಕಳೆದ ಸಾಲಿನ ಸರಾಸರಿ ಪ್ರೇಕ್ಷಕರು ಆರುನೂರ ಹನ್ನೆರಡು,
ಅದರಲ್ಲಿ ಬ್ಯಾಂಡಿನವರೇ ನಲವತ್ತು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದನ್ನು
ಇವರಿಗೆ ಹೇಗೆ ಹೇಳುವುದು?
ಇಲ್ಲಿ ಆಡುವವರೆಲ್ಲ ಆರೂವರೆ ಅಡಿ,
ಹಾಸ್ಟೆಲಿನ ಮಂಚದಾಚೆ ಪಾದ ಚಾಚಿಯೇ ಮಲಗುವವರು.

ದನದ ಮೇವಿನ ವ್ಯಾಪಾರದ ಶ್ರೀಮತಿ ವಾಂಡರ್‌ವೀನ್
ಒಂದೇ ಪ್ರಶ್ನೆ ಕೇಳಿದರು:
ಗಂಡನ ಹೆಸರಿನ ಅಕ್ಷರ ಹೆದ್ದಾರಿಗೆ ಕಾಣುತ್ತದೆಯೆ?
ಆತ ಒಂದು ಆಟವನ್ನೂ ನೋಡಿದವನಲ್ಲವಂತೆ.
ಹೆದ್ದಾರಿಯಲ್ಲಿ ಮಾತ್ರ
ನಲವತ್ತು ವರ್ಷ ಲಾರಿ ಓಡಿಸಿದ್ದ.

ಆಟದ ನೆಲಕ್ಕೆ ಅಂಕಣ ಎನ್ನುತ್ತೇವೆ ನಾವು.
ಎರಡು ಕಂಬಗಳ ನಡುವಿನ ಜಾಗಕ್ಕೂ ಅದೇ ಮಾತು.
ಮೂರಂಕಣದ ಮನೆ ಎಂದರೆ
ಎಷ್ಟು ಜನ ಮಲಗಬಹುದೆಂಬ ಲೆಕ್ಕ.
ಇಲ್ಲಿನ ಲೆಕ್ಕ ಬೇರೆ,
ಕೊನೆಯ ಎರಡು ಸೆಕೆಂಡಿನಲ್ಲಿ
ಎಷ್ಟು ಜನ ಎದ್ದು ನಿಲ್ಲಬಹುದು.

ಸೋರುವ ಮಾಡಿನ ಬಗ್ಗೆ ಹೇಳಲೆಂದು
ಡೆಲ್ಮರ್ ಕ್ರುಪಿಚ್ಕಾನನ್ನು ಕರೆಸಿದ್ದರು.
ಮೂವತ್ತೊಂದು ವರ್ಷ ಆ ನೆಲ ಒರೆಸಿದವನು.
ಬಕೆಟ್ಟುಗಳ ಲೆಕ್ಕ ಒಪ್ಪಿಸಿದ: ಹನ್ನೊಂದು.
ಆಮೇಲೆ, ಯಾರೂ ಕೇಳದೆಯೇ:
'ಪೂರ್ವದ ಬುಟ್ಟಿಯಿಂದ ಎಡಕ್ಕೆ ನಾಲ್ಕು ಹೆಜ್ಜೆ,
ಊಟದ ತಟ್ಟೆಯಷ್ಟು ಅಗಲ, ಅಲ್ಲಿ ಚೆಂಡು ಏಳುವುದಿಲ್ಲ.
ಬಾಯ್ಲರು ಒಡೆದ ವರ್ಷ ಅಡಿಯ ತೊಲೆ ಕೊಳೆಯಿತು.
ನಮ್ಮ ಹುಡುಗರಿಗೆ ಗೊತ್ತು,
ಕರುವನ್ನು ಗೇಟಿಗೆ ಅಟ್ಟಿದ ಹಾಗೆ
ಎದುರಾಳಿಯನ್ನು ಅಲ್ಲಿಗೇ ಅಟ್ಟುತ್ತಾರೆ.
ಚೆಂಡು ಹೋದ ಮೇಲೆ ಅವನು
ತನ್ನ ಅಂಗೈಯನ್ನೇ ದಿಟ್ಟಿಸುತ್ತಾನೆ ಪಾಪ,
ಕೈಯೇ ಮೋಸ ಮಾಡಿತೆಂದು.'

ಎಲ್ಲರೂ ನಕ್ಕರು.
ಹೊಸ ಮೇಪಲ್ ನೆಲಕ್ಕೆ ಇಪ್ಪತ್ತೈದು ವರ್ಷದ ಗ್ಯಾರಂಟಿ,
ಅಂಥದ್ದೇನೂ ಉಳಿಯುವುದಿಲ್ಲ ಎಂದ ಲಿಂಡ್‌ಕ್ವಿಸ್ಟ್.
ಡೆಲ್ಮರ್ ಟೋಪಿ ಮಡಿಲಲ್ಲಿಟ್ಟು ಸುಮ್ಮನಾದ.

ಆಗ ರೋಚೆಲ್ ಪಿಂಕ್ನಿ,
ಹೆಂಗಸರ ತಂಡದ ಕೋಚು,
ಐದು ಸಭೆಗಳಲ್ಲಿ ಬಾಯಿ ತೆರೆಯದವಳು:
'ನನ್ನ ಹುಡುಗಿಯರು ಬಟ್ಟೆ ಬದಲಿಸುವುದು ಉಗ್ರಾಣದಲ್ಲಿ.
ಒಂದು ಕಡೆ ಕುಸ್ತಿಯ ಚಾಪೆ,
ಇನ್ನೊಂದು ಕಡೆ ಪ್ಲಾಸ್ಟಿಕ್ಕಿನ ಕ್ರಿಸ್‌ಮಸ್ ಮರ.
ಬಾಗಿಲಿಗೆ ಚಿಲಕವಿಲ್ಲ.
ಸರದಿಯ ಮೇಲೆ ಒಬ್ಬಳು ಬೆನ್ನು ಕೊಟ್ಟು ನಿಲ್ಲುತ್ತಾಳೆ.
ಆರು ವರ್ಷದಿಂದ ಕೇಳುತ್ತಿದ್ದೇನೆ,
ನಿಮ್ಮ ನಾಲ್ಕು ಸಾವಿರ ಕುರ್ಚಿಗೆ ನಮಸ್ಕಾರ,
ಒಂದು ಚಿಲಕ.'

ಯಾರೂ ಕೆಮ್ಮಲಿಲ್ಲ.
ಮುಟ್ಟದೆ ಬಿಟ್ಟ ಕಂಪ್ಯೂಟರು ನಿದ್ದೆಹೋಗಿ
ಗೋಡೆಯ ಅರಮನೆ ಆರಿತು.
ಮುಂದಿನ ಸಭೆಗೆ ತಳ್ಳಲಾಯಿತು, ಎಲ್ಲವನ್ನೂ.

ಮನೆಗೆ ಹೊರಟವಳು ಹಳೆಯ ಹಾಲಿಗೆ ಹೋದೆ.
ಚಪ್ಪಲಿ ಬಿಟ್ಟು, ಪೂರ್ವದಿಂದ ನಾಲ್ಕು ಹೆಜ್ಜೆ ಎಣಿಸಿ
ಚೆಂಡು ಹಾಕಿದೆ.
ಮೊಣಕಾಲಿನ ತನಕ ಬಂತು.
ಸಭೆಯಲ್ಲಿ ಅರ್ಧ ಎದ್ದು,
ಬೇಡ ಬಿಡು ಎಂದು ಕೂತುಬಿಟ್ಟವರ ಹಾಗೆ
ಕೆಳಗಿಳಿದು ಉರುಳಿಹೋಯಿತು.

ಬುಧವಾರ ಬೆಳಗ್ಗೆ ಏಳಕ್ಕೆ,
ಟೆಂಡರಿಲ್ಲದೆ, ಅಂದಾಜು ಪಟ್ಟಿಯಿಲ್ಲದೆ,
ಡೆಲ್ಮರ್ ಉಗ್ರಾಣದ ಬಾಗಿಲಿಗೆ
ಒಳಗಿನಿಂದ ಚಿಲಕ ಜಡಿದ.
ಹದಿನಾಲ್ಕು ಡಾಲರು. ಸ್ಕ್ರೂ ಅವನದೇ.

ಯೋಜನೆಯಲ್ಲಿ ಇದುವರೆಗೆ ಮುಗಿದ ಕೆಲಸ ಇದೊಂದೇ.
ಯಾವ ತಲೆಬರಹದಡಿ ಹಾಕಲೆಂದು ತಿಳಿಯದೆ
ಕೊನೆಯಲ್ಲಿ ಸೇರಿಸಿದ್ದೇನೆ:
ಅಧ್ಯಕ್ಷರ ಅಪ್ಪಣೆಯ ಮೇರೆಗೆ ಇತರೆ ವಿಷಯಗಳು.
ಅಧ್ಯಕ್ಷರ ಅಪ್ಪಣೆ
ಇನ್ನೂ ಬಂದಿಲ್ಲ.